ಹೆಬ್ಬಾಳದ ವಿಶ್ರಾಂತಿ ಮತ್ತು ಮೋಟರ್ ಸ್ವಿಚ್ಚು

ನಾನು ಸುಮ್ಮನೆ ಕೂರಬಲ್ಲೆ. ಮನೆಯಲ್ಲಿ ಈ ಮಾತನ್ನು ಯಾರೂ ನಂಬುವುದಿಲ್ಲ ಎಂಬುದು ಬೇರೆ ವಿಷಯ.

ಇಮ್ತಿಯಾಜ್ ನನ್ನ ಬಾಲ್ಯದ ಗೆಳೆಯ. ಆರ್.ಟಿ. ನಗರದ ಸ್ಕೂಲಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಅವನು ಅಲ್ಲೇ ಕನ್ನಡಕದ ಅಂಗಡಿ ಇಟ್ಟ. ನಾನು ಅಲ್ಲಾಳಸಂದ್ರದಲ್ಲಿ ಮನೆ ಕಟ್ಟಿ, ಕೆಳಗಡೆ ಬಾಡಿಗೆಗೆ ಕೊಟ್ಟು, ನೀರಿನ ಮೋಟರಿನ ಸೇವೆಯಲ್ಲಿ ಬದುಕು ಸವೆಸಿದೆ. ಒಟ್ಟಿಗೆ ಬಿಜಾಪುರಕ್ಕೆ ಹೋಗಬೇಕು, ಗೋಲಗುಮ್ಮಟ ನೋಡಿ, ಹತ್ತು ದಿನ ಆ ಕಡೆಯೆಲ್ಲ ಸುತ್ತಬೇಕು ಎಂಬುದು ಸ್ಕೂಲಿನ ಕಾಲದ ಆಸೆ. ಈ ವರ್ಷ ಅವನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದು, "ಇನ್ನು ನೆಪ ಹೇಳ್ಬೇಡ ಕಣೋ ನಂಜ" ಅಂದ.

ನಾನು ಎಂದೋ ತಯಾರು. ತಕರಾರು ನನ್ನ ಹೆಂಡತಿ ಸರೋಜಳದು.

"ಹತ್ತು ದಿನ ಕರ್ಕೊಂಡು ಹೋಗಿ ಇಮ್ತಿಯಾಜಣ್ಣ, ನಂಗೂ ಸಂತೋಷ," ಅಂದಳು. "ಆದ್ರೆ ಇವ್ರು ಗಂಟೆಗೊಂದ್ಸಲ ಫೋನ್ ಮಾಡಿ 'ಮೋಟರ್ ಆಫ್ ಮಾಡಿದ್ಯಾ' ಅಂತ ನನ್ನ ಪ್ರಾಣ ತಿಂತಾರೆ. ಮೊದ್ಲು ಶನಿವಾರ ಭಾನುವಾರ ಇಲ್ಲೇ ಎಲ್ಲಾದ್ರೂ ಹೋಗಿದ್ದು ತೋರಿಸ್ಲಿ. ನಂಗೆ ಫೋನ್ ಮಾಡಬಾರ್ದು, ಮನೆ ಕಡೆ ತಲೆ ಹಾಕಬಾರ್ದು. ಪಾಸಾದ್ರೆ ಬಿಜಾಪುರ."

ಎಂಥ ಸುಲಭದ ಪರೀಕ್ಷೆ! ಹೆಬ್ಬಾಳದಲ್ಲಿ ಕೆರೆ ಕಾಣುವ ಹೋಟೆಲ್ ರೂಮು ಹಿಡಿದೆವು.

ಶನಿವಾರ ಬೆಳಗ್ಗೆ ಇಮ್ತಿಯಾಜ್ ರೂಮಿಗೆ ಬಂದವನೇ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ, "ಸುಮ್ನೆ ಇರೋದು ಎಷ್ಟು ಮಜಾ ಅಲ್ವೇನೋ" ಅಂದ. ನಾನೂ ಮಲಗಿದೆ. ಎದ್ದೆ. ಪರದೆ ಸರಿಸಿದೆ. ಎಸಿ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಬಾತ್‌ರೂಮಿನ ನಲ್ಲಿ ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಂಡೆ. ಫ್ಲೈಓವರ್ ಮೇಲೆ ಗಾಡಿಗಳು ನಿಂತುಬಿಟ್ಟಿವೆ ಎಂದು ಅವನಿಗೆ ವರದಿ ಒಪ್ಪಿಸಿದೆ.

"ಅವು ದಿನಾ ನಿಲ್ತಾವೆ. ನೀನ್ ಕೂತ್ಕೋ."

ಕೂತೆ. ಕೂತದ್ದೇ ತಪ್ಪಾಯಿತು. ಹೊರಡುವ ಮುಂಚೆ ಮೋಟರ್ ಆನ್ ಮಾಡಿದ್ದು ನೆನಪಿದೆ. ಆಫ್ ಮಾಡಿದ್ದು ನೆನಪಿಲ್ಲ!

ಕಣ್ಣು ಮುಚ್ಚಿದರೆ ತಾರಸಿಯ ಟ್ಯಾಂಕು ತುಂಬಿ, ಗೋಡೆ ಇಳಿದು, ಬೀದಿಗೆ ಹರಿದು, ಅಕ್ಕಪಕ್ಕದವರೆಲ್ಲ ನನಗೆ ಸಹಸ್ರನಾಮ ಶುರುಮಾಡಿದ್ದರು. ಸರೋಜಳಿಗೆ ಫೋನ್ ಮಾಡಿದರೆ ಬಿಜಾಪುರ ಕೈಬಿಟ್ಟಂತೆ. ಆದರೆ ಪರೀಕ್ಷೆಯ ನಿಯಮಾವಳಿಯಲ್ಲಿ ಬಾಡಿಗೆದಾರರ ಪ್ರಸ್ತಾಪವೇ ಇರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿರುವ ಪಾಟೀಲರು ಕಾಲೇಜು ಮೇಷ್ಟ್ರು, ಬಿಜಾಪುರದವರೇ. ಇಮ್ತಿಯಾಜ್ ಗೊರಕೆ ಹೊಡೆಯುವುದನ್ನು ಕಾದು, ಬಾಯಿಗೆ ಹೋಟೆಲಿನ ಟವೆಲ್ ಅಡ್ಡ ಹಿಡಿದು, ರೂಮಿನ ಫೋನಿನಿಂದ ಅವರಿಗೆ ಕರೆ ಮಾಡಿದೆ.

"ನೀರಿನ ಆಫೀಸಿಂದ ಮಾತಾಡ್ತಿರೋದು. ನಿಮ್ಮ ಬಿಲ್ಡಿಂಗಲ್ಲಿ ಟ್ಯಾಂಕ್ ತುಂಬಿ ಪೋಲಾಗ್ತಿದೆ ಅಂತ ಕಂಪ್ಲೇಂಟ್ ಇದೆ. ಮೋಟರ್ ನಿಲ್ಸಿ," ಎಂದು ಅಧಿಕಾರಿಗೆ ತಕ್ಕಂತೆ ಕೆಮ್ಮಿದೆ.

"ಹೌದೇನ್ರೀ? ಮಾಲಕರು ಮನ್ಯಾಗಿಲ್ರೀ. ಮೋಟರ್ ಅಷ್ಟ ಯಾಕ್ರಿ, ಗೇಟಿನ ಹತ್ರದ ವಾಲ್ವ್‌ನೂ ಬಂದ್ ಮಾಡ್ತೀನಿ. ಕಾನೂನಂದ್ರ ಕಾನೂನು."

ಎಂಥ ಸಜ್ಜನ! ಇಮ್ತಿಯಾಜನನ್ನು ಎಬ್ಬಿಸಿಕೊಂಡು ನೆಮ್ಮದಿಯಿಂದ ಊಟಕ್ಕೆ ಇಳಿದೆ. ಪಾಯಸದ ಚಮಚ ಬಾಯಿಗೆ ಹೋಗುವಾಗ ನೆನಪಾಯಿತು. ನಮ್ಮ ಬೀದಿಗೆ ಕಾವೇರಿ ನೀರು ಬಿಡುವುದು ಶನಿವಾರ ಮಧ್ಯಾಹ್ನ. ವಾಲ್ವ್ ಮುಚ್ಚಿದ್ದರೆ ನೆಲದಡಿಯ ಸಂಪಿನೊಳಗೆ ಒಂದು ಹನಿಯೂ ಬೀಳುವುದಿಲ್ಲ. ಮತ್ತೆ ರೂಮಿಗೆ ಓಡಿ, ಮತ್ತೆ ಟವೆಲ್ ಹಿಡಿದೆ.

"ಈಗ ವಾಲ್ವ್ ತೆಗೀಬಹುದು."

"ಮುಂಜಾನಿ ಬಂದ್ ಮಾಡ್ರಿ ಅಂತೀರಿ, ಈಗ ತೆಗೀರಿ ಅಂತೀರಿ," ಅಂದರು ಪಾಟೀಲರು. "ಇನ್ನ ಮುಂದ ಒಟಿಪಿ ಕೇಳೋರು, ಹೌದಲ್ರೀ?" ಫೋನ್ ಕಟ್ ಆಯಿತು. ಆಮೇಲೆ ಎಷ್ಟು ಮಾಡಿದರೂ ಎತ್ತಲಿಲ್ಲ.

ಊಟ ಮುಗಿಸಿ ಬಂದ ಇಮ್ತಿಯಾಜ್ ಮತ್ತೆ ನಿದ್ದೆಗೆ ಜಾರಿದ. ನಾನು ಟೋಪಿ, ಮಾಸ್ಕ್ ಹಾಕಿಕೊಂಡು ಆಟೋ ಹತ್ತಿದೆ. ಬೀದಿಯ ತುದಿಯಲ್ಲಿ ಇಳಿದು, ಗೋಡೆಗೆ ಒತ್ತಿಕೊಂಡೇ ನಡೆದು, ನನ್ನದೇ ಮನೆಯ ಗೇಟಿನ ಬಳಿ ಮಂಡಿಯೂರಿ, ಚೇಂಬರಿನ ಮುಚ್ಚಳ ಸರಿಸಿ, ಕೈ ಒಳಗೆ ಹಾಕಿ ವಾಲ್ವ್ ಪೂರ್ತಿ ತಿರುಗಿಸಿದೆ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕುತ್ತಿಗೆಪಟ್ಟಿ ಹಿಡಿದರು.

"ಅಕ್ಕಾರ, ಬರ್ರಿ! ಒಟಿಪಿ ಗ್ಯಾಂಗಿನಾಂವ ಸಿಕ್ಕಾನ!"

ಸರೋಜ ಬಾಲ್ಕನಿಗೆ ಬಂದು, ಕಡಲೆಕಾಯಿ ಬಿಡಿಸುತ್ತಲೇ ಕೆಳಗೆ ನೋಡಿದಳು. "ಬಿಡಿ ಪಾಟೀಲ್ರೇ. ಅವ್ರು ನಮ್ಮನೆಯವ್ರು."

ಪಾಟೀಲರು ನನ್ನ ಮಾಸ್ಕ್ ಇಳಿಸಿ ನೋಡಿ, ಕೈ ಮುಗಿದು ಹಿಂದೆ ಸರಿದರು. ಅವರ ಆ ವಿನಯ ಹೊಡೆತಕ್ಕಿಂತ ಜೋರಾಗಿತ್ತು.

"ಮೋಟರು..." ಅಂದೆ.

"ಅದಕ್ಕೆ ಹೋದ ವರ್ಷವೇ ಆಟೋಮ್ಯಾಟಿಕ್ ಹಾಕ್ಸಿದೀನಿ ಕಣ್ರೀ. ಟ್ಯಾಂಕ್ ತುಂಬಿದ್ರೆ ತಾನೇ ನಿಲ್ಲುತ್ತೆ. ನೀವು ಒತ್ತೋ ಸ್ವಿಚ್ಚಿಗೆ ಕನೆಕ್ಷನ್ ಇರೋದು ಅದರ ಪಕ್ಕದ ಕೆಂಪು ಬಲ್ಬಿಗೆ ಮಾತ್ರ. ತೆಗೆಸಿದ್ರೆ ನೀವು ಸೊರಗಿ ಹೋಗ್ತೀರ ಅಂತ ಬಿಟ್ಟಿದ್ದೆ."

"ವಾಲ್ವು?"

"ಆಫೀಸಿನವ್ರು ಫೋನ್ ಮಾಡಿ ಕೆಮ್ಮಿದ್ರು ಅಂತ ಪಾಟೀಲ್ರು ಹೇಳ್ದಾಗಲೇ ಯಾವ ಆಫೀಸು ಅಂತ ಗೊತ್ತಾಯ್ತು. ಮನೆ ಮರ್ಯಾದೆ ಅಂತ ಸುಮ್ನಿದ್ದು, ನಾನೇ ಹೋಗಿ ತೆಗೆದು ಬಂದೆ. ಈಗ ನೀವು ತಿರುಗಿಸಿ ಮುಚ್ಚಿದೀರ."

ನನ್ನನ್ನು ಹುಡುಕಿಕೊಂಡು ಇಮ್ತಿಯಾಜ್ ಬಂದ. ನಡೆದದ್ದನ್ನೆಲ್ಲ ಕೇಳಿ ಬೈಯಲಿಲ್ಲ, ನಗಲೂ ಇಲ್ಲ. ಮೆಟ್ಟಿಲ ಮೇಲೆ ಕೂತು, "ಒಂದಿನಾನೂ ಆಗ್ಲಿಲ್ವೇನೋ ನಿನ್ ಕೈಲಿ?" ಅಂದ. ಪರೀಕ್ಷೆ ನನಗಿತ್ತು, ಫೇಲಾದದ್ದು ಅವನ ಬಿಜಾಪುರ.

ಆಗ ಪಾಟೀಲರು ಚಹಾ ತಂದು ಅವನ ಕೈಗಿಟ್ಟು, "ಮುಂದಿನ ವಾರ ನಾನು ಊರಿಗೆ ಹೊಂಟೀನ್ರಿ," ಅಂದರು. "ಗುಮ್ಮಟದ ಹತ್ರನ ನಮ್ಮ ಮನಿ. ನೀವು ಬರ್ರಲ್ಲ."

ಅವರಿಬ್ಬರೂ ಹೋಗಿಯೇ ಬಿಟ್ಟರು. ನಿನ್ನೆ ಇಮ್ತಿಯಾಜ್ ಗುಮ್ಮಟದ ಒಳಗಿನ ಗ್ಯಾಲರಿಯಿಂದ ಫೋನ್ ಮಾಡಿದ್ದ. "ಕೇಳಿಸ್ಕೋ" ಎಂದು ಹೇಳಿ, ಗಟ್ಟಿಯಾಗಿ ಕೂಗಿದ: "ನಂಜಾ, ಮೋಟರ್ ಆಫ್ ಮಾಡಿದ್ಯಾ?"

ಗೋಲಗುಮ್ಮಟ ಅದನ್ನೇ ಏಳು ಸಲ ತಿರುತಿರುಗಿ ಕೇಳಿತು. ಮೂರನೆಯ ಸಲಕ್ಕೇ ನಾನು ಎದ್ದು ಹೋಗಿ ಕೆಂಪು ಬಲ್ಬು ಆರಿಸಿ ಬಂದಿದ್ದೆ.