ಸರ್ವರ್ ಓದದ ಫೈಲು, ರಾಜೇಸಾಬರು ನಂಬದ ಮೆಸೇಜು

ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನಗೆ ಸಂಬಳ ಸಿಗುತ್ತದೆ. ಪವಾಯಿಯ ಸಣ್ಣ ಆಫೀಸಿನಲ್ಲಿ ಕೂತು, ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ವೆಬ್‌ಸೈಟುಗಳ ಕಾನ್ಫಿಗ್ ಫೈಲುಗಳನ್ನು ಓದಿ ತಿದ್ದುವುದು ನನ್ನ ಕೆಲಸ. ವೆಬ್‌ಸೈಟು ಹೇಗೆ ನಡೆದುಕೊಳ್ಳಬೇಕೆಂಬ ಅಪ್ಪಣೆಗಳೆಲ್ಲ ಆ ಪುಟ್ಟ ಫೈಲಿನಲ್ಲಿರುತ್ತವೆ. ಮನೆಯಲ್ಲಿ ನನ್ನ ಅಪ್ಪಣೆಯನ್ನು ಬೆಕ್ಕೂ ಕೇಳುವುದಿಲ್ಲವಾದ್ದರಿಂದ ಈ ಕೆಲಸ ನನಗೆ ಹಿಡಿಸಿತ್ತು. ಆ ಬುಧವಾರದವರೆಗೆ.

ಭಾಂಡುಪ್‌ನ ಡಯಾಲಿಸಿಸ್ ಕೇಂದ್ರವೊಂದಕ್ಕೆ, ಸರದಿ ರದ್ದಾದರೆ ರೋಗಿಗಳಿಗೆ ಮೆಸೇಜು ಹೋಗುವ ಏರ್ಪಾಡು ಮಾಡಿದ್ದೆ. ಅದನ್ನು ಪರೀಕ್ಷಿಸಲು ಫೈಲಿನಲ್ಲಿ ‘ಟೆಸ್ಟ್’ ಎಂದು ಬದಲಿಸಿದೆ. ಹಾಗೆ ಮಾಡಿದರೆ ಮೆಸೇಜು ನನ್ನ ಫೋನಿಗೆ ಮಾತ್ರ ಬರಬೇಕು. ಮೂರು ಸಲ ಓದಿ ಗುಂಡಿ ಒತ್ತಿದೆ. ನನ್ನ ಫೋನು ಸುಮ್ಮನಿತ್ತು. ನಾನು ಓದಿದ್ದೆ, ಸರ್ವರ್ ಓದಿರಲಿಲ್ಲ. ವೇಗ ಹೆಚ್ಚಲೆಂದು, ವೆಬ್‌ಸೈಟು ನಡೆಸುವ ಆ ಕಂಪ್ಯೂಟರು ಹಳೆಯ ಫೈಲನ್ನೇ ನೆನಪಿನಲ್ಲಿಟ್ಟುಕೊಂಡಿತ್ತು; ರೀಸ್ಟಾರ್ಟ್ ಮಾಡುವವರೆಗೆ ಹೊಸದನ್ನು ಕಣ್ಣೆತ್ತಿಯೂ ನೋಡದು. ಹಾಗಿರಲಿ ಎಂದು ಅದಕ್ಕೆ ಕಲಿಸಿದವನೂ ನಾನೇ. ‘ಇಂದಿನ ಡಯಾಲಿಸಿಸ್ ರದ್ದಾಗಿದೆ’ ಎಂಬ ಮೆಸೇಜು ಮಧ್ಯಾಹ್ನ ಬರಬೇಕಿದ್ದ ಅಷ್ಟೂ ರೋಗಿಗಳಿಗೆ ಹೋಗಿಬಿಟ್ಟಿತ್ತು.

ರದ್ದಾಗಿಲ್ಲ ಎಂದು ತಿಳಿಸಲು ಕೇಂದ್ರದವರು ಅಲ್ಲಿ, ನಾನು ಆಫೀಸಿನಲ್ಲಿ ಫೋನು ಹಿಡಿದು ಕೂತೆವು. ಜೈನಬ್ಬಿ ಒಬ್ಬರ ಹೊರತು ಎಲ್ಲರೂ ಸಿಕ್ಕರು. ಅವರು ನಾನಿರುವ ಬಿಲ್ಡಿಂಗಿನ ಕೆಳಗಿನ ಮನೆಯ ಟೇಲರ್ ರಾಜೇಸಾಬರ ಹೆಂಡತಿ. ಜ್ವರವೆಂದು ಹಿಂದಿನ ಸರದಿ ತಪ್ಪಿತ್ತು. ಇನ್ನೊಂದು ತಪ್ಪಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಗಂಡಹೆಂಡಿರಿಗೆ ಇರುವುದು ಒಂದೇ ಫೋನು. ಅದು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಅವರ ಮನೆಗೆಂದು ರಿಕ್ಷಾ ಹತ್ತಿದೆ. ಜಾಮಿನಲ್ಲಿ ರಿಕ್ಷಾದವನು ಹಿಂತಿರುಗಿ, “ಕೌನ್ ಸೀರಿಯಸ್ ಹೈ, ಸಾಬ್?” ಎಂದ. ಕೆಳಗಿನ ಮನೆಯವರು ಎಂದೆ; ಕಾರಣ ನಾನೇ ಎನ್ನಲಿಲ್ಲ. ಮನೆಗೆ ಬೀಗ. ಕೇಂದ್ರಕ್ಕೆ ಓಡಿದೆ. ರಾಜೇಸಾಬರು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ನಾನು ಜಾಮಿನಲ್ಲಿದ್ದಾಗಲೇ ಬಂದಿದ್ದ ಜೈನಬ್ಬಿ ಒಳಗೆ ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದರು.

“ಮೆಸೇಜ್ ನೋಡ್ಲಿಲ್ವಾ ರಾಜೇಸಾಬರೇ?”

“ಆಕಿ ಓದಿ ಹೇಳಿದ್ಳರೀ ಸರ. ‘ಇವತ್ತ ಛುಟ್ಟಿ’ ಅಂತ ಚಾದರ ಹೊದ್ಕೊಂಡು ಮಲಗಿದ್ಳು. ಬುಧವಾರ ಅಂದ್ರ ಬುಧವಾರ, ಬಾಗಿಲಾ ಹಾಕಿದ್ರ ಬಡದು ತಗಸೂಣು ನಡಿ ಅಂದೆ. ಸಿಟ್ಟಿಲೆ ಫೋನು ಮನ್ಯಾಗ ಒಗದು ಬಂದಾಳ್ರೀ.”

ಒಮ್ಮೆ ತಲೆಯಲ್ಲಿ ಕೂತದ್ದನ್ನು ಬದಲಿಸದ ನನ್ನ ಸರ್ವರ್ ಆಕೆಯನ್ನು ಕೊಲ್ಲಹೊರಟಿತ್ತು. ಅದೇ ಜಾತಿಯ ಗಂಡ ಉಳಿಸಿಕೊಂಡಿದ್ದರು. ಅವರಿಗೆ ಓದಿದ್ದನ್ನು ನಂಬುವ ನನ್ನಂಥ ಅಭ್ಯಾಸವಿದ್ದಿದ್ದರೆ? ಈಗಲೂ ಊಟದ ತಟ್ಟೆಯ ಮುಂದೆ ಕೂತಾಗ ಆ ಬಡಿದುಕೊಳ್ಳುವ ಫೋನು ಕೇಳಿಸುತ್ತದೆ.

“ಯಾವ ಹಲ್ಕಟ್ ಕಳಿಸಿದ್ನೋ! ನೀವು ಕಂಪ್ಯೂಟರಿನವ್ರು, ಹುಡುಕಿ ಕೊಡ್ರಿ ಸರ,” ಎಂದರು. ಹುಡುಕುತ್ತೇನೆ ಎಂದೆ. ಇನ್ನೂ ಹುಡುಕುತ್ತಲೇ ಇದ್ದೇನೆ.

ಪ್ರತಿ ಬುಧವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅವರ ಬಾಗಿಲು ಬಡಿದು, “ಇವತ್ತು ಡಯಾಲಿಸಿಸ್ ಇದೆ” ಎನ್ನುತ್ತೇನೆ. ರಾಜೇಸಾಬರು ಕಣ್ಣು ಒರೆಸಿಕೊಳ್ಳುತ್ತಾರೆ: “ಸ್ವಂತ ತಮ್ಮನೂ ಇಷ್ಟು ಕಾಳಜಿ ಮಾಡಂಗಿಲ್ರೀ ಸರ.” ಮೊನ್ನೆ ನನ್ನ ಪ್ಯಾಂಟು ತಿದ್ದಿಕೊಟ್ಟದ್ದಕ್ಕೆ ಹಣವನ್ನೂ ಮುಟ್ಟಲಿಲ್ಲ.