ಅಕ್ಕನನ್ನು ಎತ್ತುವ ತಯಾರಿ

ಇಷ್ಟಕ್ಕೆಲ್ಲ ಕಾರಣ ಎರಡು ಖಾಲಿ ಬಣ್ಣದ ಡಬ್ಬಿ. ಅವನ್ನು ಎಸೆಯಲು ಹೊರಟ ಗಡಿಯಾರ ರಿಪೇರಿಯವನು ಅರ್ಧ ದಾರಿಯಲ್ಲಿ ನಿಂತು ಯೋಚಿಸಿಬಿಟ್ಟ.

ಮೊಣಕಾಲಿನ ಆಪರೇಷನ್ ಆದಮೇಲೆ ಅವನ ಅಕ್ಕ ಮೂರನೇ ಮಹಡಿಯಿಂದ ಕೆಳಗಿಳಿದಿರಲಿಲ್ಲ. ತಾಯಿಯಿಲ್ಲದ ಅವನನ್ನು ಹೊತ್ತು ಬೆಳೆಸಿದವಳು ಅವಳೇ. ಆ ಋಣಕ್ಕೆ ಒಮ್ಮೆಯಾದರೂ ತಾನೇ ಅವಳನ್ನು ಎತ್ತಿಕೊಂಡು ಹೋಗಿ ಬಿಸಿಲಿನಲ್ಲಿ ಕೂರಿಸಬೇಕೆಂಬುದು ಅವನ ಆಸೆ. ಆದರೆ ಗೋಡೆ ಗಡಿಯಾರಕ್ಕಿಂತ ಭಾರದ್ದನ್ನು ಎತ್ತಿದವನಲ್ಲ. ತೋಳುಗಳು ಮಡಿಸಿಟ್ಟ ಛತ್ರಿಯಂತಿದ್ದವು. ಹಾಗಾಗಿ ಹಳೆಯ ನೀರಿನ ಪೈಪು, ಡಬ್ಬಿ, ಒಂದಿಷ್ಟು ಸಿಮೆಂಟು ಸೇರಿಸಿ, ಕಸರತ್ತಿಗೊಂದು ಬಾರ್‌ಬೆಲ್ ಮಾಡಲು ಕೂತ.

ಒಂದು ತುದಿ ಹಿಂದಿನ ದಿನವೇ ಗಟ್ಟಿಯಾಗಿತ್ತು. ಅದನ್ನು ಮೇಲುಮಾಡಿ, ಬರಿಯ ತುದಿಯನ್ನು ಇನ್ನೊಂದು ಡಬ್ಬಿಯ ಹಸಿ ಸಿಮೆಂಟಿನಲ್ಲಿ ನೆಟ್ಟಗೆ ನಿಲ್ಲಿಸಬೇಕಿತ್ತು. ಮನೆಬಾಗಿಲ ಕಬ್ಬಿಣದ ಗೇಟಿನಲ್ಲೊಂದು ಬಳೆ, ಅದರ ಕೆಳಗೇ ಚೌಕಟ್ಟಿನಲ್ಲೊಂದು ಬಳೆ ಇತ್ತು. ಗೇಟು ಮುಚ್ಚಿ, ಹೊರಗೆ ನಿಂತು ಪೈಪನ್ನು ಎರಡರೊಳಗೂ ತೂರಿಸಿ ಕೆಳಗಿಟ್ಟ ಡಬ್ಬಿಗೆ ಇಳಿಬಿಟ್ಟ. ದಾರಕ್ಕೆ ನಟ್ ಕಟ್ಟಿ ಪಕ್ಕದಲ್ಲಿ ತೂಗುಬಿಟ್ಟು ನೋಡಿದ. ಕೂದಲೆಳೆಯಷ್ಟೂ ಓರೆಯಿರಲಿಲ್ಲ.

ಮೆಟ್ಟಿಲಿಳಿಯುತ್ತಿದ್ದ ಮೇಲ್ಮಹಡಿಯ ನಿವೃತ್ತ ಓವರ್‌ಸಿಯರ್ ನಿಂತರು. “ಇದು ಗಟ್ಟಿಯಾಗೋಕೆ ನಾಳೆವರೆಗೂ ಕಾಯ್ತೀಯೇನಪ್ಪ? ಸೋರೋ ಟ್ಯಾಂಕಿಗೆ ಹಾಕೋ ಪುಡಿ ಇದೆ ನನ್ನ ಹತ್ರ. ಸ್ವಲ್ಪ ಹೊತ್ತಲ್ಲೇ ಕಲ್ಲಾಗತ್ತೆ.”

“ದೊಡ್ಡ ಉಪಕಾರ ಸಾರ್.”

ಕಲ್ಲೇ ಆಯಿತು. ಖುಷಿಯಿಂದ ಗೇಟು ತಳ್ಳಿದ. ಅಲುಗಲಿಲ್ಲ. ಮೇಲೊಂದು ಡಬ್ಬಿ, ಕೆಳಗೊಂದು ಡಬ್ಬಿ, ನಡುವೆ ಎರಡು ಬಳೆ: ಬಾರ್‌ಬೆಲ್ ಆಗುವ ಮೊದಲೇ ಅದು ಅಗುಳಿಯಾಗಿತ್ತು.

“ಲೋ, ಡಾಕ್ಟರ ಹತ್ರ ಹೋಗೋ ಹೊತ್ತಾಯ್ತು,” ಒಳಗಿಂದ ಅಕ್ಕ ಕೂಗಿದಳು. “ಅಲ್ಲೇನು ಮಾಡ್ತಿದ್ದೀಯ?”

“ನಿನ್ನನ್ನ ಎತ್ತೋಕೆ ತಯಾರಿ ಅಕ್ಕಾ.”

“ಮೊದ್ಲು ಬಾಗಿಲು ತೆಗಿ. ಆಮೇಲೆ ಎತ್ತುವಿಯಂತೆ.”

ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. ಸುತ್ತಿಗೆಯಿಂದ ಬಡಿದ. ಸಿಮೆಂಟಿನ ಒಂದು ಹುಡಿಯೂ ಉದುರಲಿಲ್ಲ. ಓವರ್‌ಸಿಯರರ ಎದೆ ಉಬ್ಬಿತು. “ನಾನು ಹಾಕಿದ ಪುಡಿ ಕಣಯ್ಯ. ಕಟ್ಟಡ ಬೀಳಬಹುದು, ಇದು ಒಡೆಯಲ್ಲ.”

“ಹಾಗಾದ್ರೆ ಕಟ್ಟಡಾನೇ ಕೆಡವಿ,” ಎಂದಳು ಅಕ್ಕ.

ಕೊನೆಗೆ ಟೈಲರನಿಗೆ ಹೊಳೆಯಿತು. “ಆ ಕಡೆ ಕೀಲಿಂದ ಗೇಟನ್ನೇ ಎತ್ತಿಬಿಡೋಣ ಗುರುವೇ.”

ಗೇಟಿನ ಬಳೆಯ ಮೇಲೆ ಕೂತಿದ್ದ ಬಾರ್‌ಬೆಲ್ ಕೂಡ ಜೊತೆಗೇ ಏಳಬೇಕಿತ್ತು. ಮೂವರೂ ಉಸಿರು ಕಟ್ಟಿ ಎತ್ತಿದರು. ಗೇಟು ಕೀಲು ಬಿಟ್ಟು, ಬಾರ್‌ಬೆಲ್ಲನ್ನೇ ಹೊಸ ಕೀಲು ಮಾಡಿಕೊಂಡು ತಿರುವುಮುರುವಾಗಿ ತೆರೆಯಿತು. ಅವನ ಸೊಂಟದಲ್ಲಿ ಏನೋ ಕಟಕ್ ಎಂದಿತು. ಖುಷಿಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಇಬ್ಬರೂ ನೆರೆಯವರು ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಅವನು ಪ್ರತಿ ತಿರುವಿನಲ್ಲೂ, “ನಿಮ್ಮಂಥವರು ಪಕ್ಕದಲ್ಲಿರೋದು ನಮ್ಮ ಪುಣ್ಯ,” ಎನ್ನುತ್ತ ಹಿಂದೆಯೇ ಇಳಿದ. ಕಣ್ಣು ನಿಜವಾಗಿಯೂ ತುಂಬಿತ್ತು.

ಡಾಕ್ಟರು ಅಕ್ಕನ ಮೊಣಕಾಲನ್ನು ಮಡಿಸಿ ಚಾಚಿ ನೋಡಿದರು. “ಚೆನ್ನಾಗಿ ವಾಸಿಯಾಗಿದೆ. ನೀವಿನ್ನು ಮೆಟ್ಟಿಲು ಹತ್ತಬಹುದಮ್ಮ.” ಆಮೇಲೆ ಬಾಗಿಲ ಬಳಿ ಕುಡುಗೋಲಿನಂತೆ ಬಾಗಿ ನಿಂತವನನ್ನು ನೋಡಿದರು. “ಇವರಿಗೇನಾಯ್ತು?”

ಸಂಜೆ ಕುರ್ಚಿ ಮತ್ತೆ ಮಹಡಿ ಹತ್ತಿತು. ಅಕ್ಕ ಕಂಬಿ ಹಿಡಿದು ಮುಂದೆ ಹತ್ತುತ್ತ, “ನಿಧಾನ, ತಿರುವು ಬಂತು,” ಎಂದು ದಾರಿ ಹೇಳುತ್ತಿದ್ದಳು. ಕುರ್ಚಿಯಲ್ಲಿ ಅವನಿದ್ದ.

“ನಿಮ್ಮ ಉಪಕಾರಾನ ನಾನು...”

“ಸುಮ್ನಿರಪ್ಪ, ಉಸಿರು ಸಾಲ್ತಿಲ್ಲ,” ಎಂದರು ಓವರ್‌ಸಿಯರ್.

“ಒಂದು ತಿಂಗಳು ದಿನಾ ಇವನನ್ನ ಚಿಕಿತ್ಸೆಗೆ ಕರ್ಕೊಂಡು ಹೋಗ್ಬೇಕಂತೆ,” ಎಂದಳು ಅಕ್ಕ ಮೆಲ್ಲಗೆ.

ಮೂರನೇ ಮಹಡಿಯಲ್ಲಿ ಕುರ್ಚಿ ಇಳಿಸಿ ಟೈಲರ್ ಬೆವರು ಒರೆಸಿಕೊಂಡ. ಗೇಟಿನಲ್ಲಿ ನೇತಾಡುತ್ತಿದ್ದ ಬಾರ್‌ಬೆಲ್ಲನ್ನು ಬಹಳ ಹೊತ್ತು ನೋಡಿದ.

“ಸಾರ್, ಇಂಥದ್ದು ನಮಗೂ ಒಂದೊಂದು ಮಾಡ್ಕೊಳ್ಳೋಣ,” ಎಂದ. “ಇವನನ್ನ ಹೊರೋಕೆ ಸ್ವಲ್ಪ ಮೈ ಪಳಗಿಸ್ಬೇಕು.”