ಅಣ್ಣನ ಮೋಟಾರ್ ಸೈಕಲ್ಲನ್ನು ನಾನು ತಿದ್ದಿದ್ದು

ತಪ್ಪು ಕಂಡರೆ ತಿದ್ದದೆ ಮುಂದೆ ಹೋಗಲಾರದ ಕಾಯಿಲೆಯೊಂದು ನನಗಿದೆ. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಮೇಷ್ಟ್ರಾಗಿದ್ದವನು ನಾನು. ಕೆಂಪು ಶಾಯಿ ಹಿಡಿದ ಬೆರಳು ನಿವೃತ್ತಿಯಾದ ಮೇಲೂ ಸುಮ್ಮನಿರುವುದಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಅಕ್ಷರದೋಷ ನೋಡುತ್ತೇನೆ. ತಿಥಿಯ ಕಾರ್ಡಾದರೂ ಅಷ್ಟೆ. ಒಮ್ಮೆ ಸಾವಿನ ಮನೆಯ ಮುಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ತಪ್ಪು ಕಂಡು, ತೀರಿಕೊಂಡವರ ಮಗನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದೆ. ಆತ ಅಳು ನಿಲ್ಲಿಸಿ ನನ್ನನ್ನೇ ನೋಡಿದ. ದುಃಖಶಮನಕ್ಕೆ ಇದೂ ಒಂದು ಉಪಾಯ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಬಂದೆ. ನನ್ನ ಕಾಯಿಲೆಯಿಂದ ಇದುವರೆಗೆ ಯಾರಿಗೂ ನಷ್ಟವಾಗಿಲ್ಲ ಎಂಬ ಧೈರ್ಯ ನನಗಿತ್ತು. ಆ ಧೈರ್ಯ ಈಗಿಲ್ಲ.

ನನ್ನ ಅಣ್ಣ ಗುಂಡ್ಲುಪೇಟೆಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಕಾಗದದಲ್ಲಿ ಮಾತ್ರ ಕಾಂಪೌಂಡರ್. ಸುತ್ತಿನ ಹಳ್ಳಿಗಳ ದನಗಳ ಪಾಲಿಗೆ ಅವನೇ ಡಾಕ್ಟರು. ಅವನ ಬಳಿ ಮೈಸೂರಿನ ಫ್ಯಾಕ್ಟರಿಯಲ್ಲಿ ತಯಾರಾದ ಹಳೆಯ ಮೋಟಾರ್ ಸೈಕಲ್ ಒಂದಿತ್ತು. ಅದರಲ್ಲಿ ಕಿಕ್ಕರ್ರೂ ಗೇರೂ ಒಂದೇ. ಮೇಲೆತ್ತಿ ಒದ್ದರೆ ಗಾಡಿ ಶುರುವಾಗುತ್ತದೆ, ಕೆಳಗೆ ಬಗ್ಗಿಸಿ ಒತ್ತಿದರೆ ಗೇರು ಬೀಳುತ್ತದೆ. ಮರೆತು ಒದ್ದರೆ ಮೊಣಕಾಲು ಮನೆಗೆ ಬರುವುದಿಲ್ಲ. ಹಳ್ಳಿಗಳಲ್ಲಿ ಅದರ ಸದ್ದು ಕೇಳಿದರೆ ಸಾಕು, ದನಗಳು ಸೂಜಿ ಬಂತೆಂದು ಹಗ್ಗ ಜಗ್ಗುತ್ತಿದ್ದವಂತೆ. ಭಾನುವಾರಗಳಂದು ಅಣ್ಣ ಅದೇ ಗಾಡಿಯ ಹಿಂದೆ ಅತ್ತಿಗೆಯನ್ನು ಅಡ್ಡ ಕೂರಿಸಿಕೊಂಡು, ತೆರಕಣಾಂಬಿ, ಚಾಮರಾಜನಗರ ದಾಟಿ, ಸಂತೆಮರಹಳ್ಳಿಯ ಅವರ ತವರಿಗೆ ಹೋಗುತ್ತಿದ್ದ. ದಾರಿಯಲ್ಲಿ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ. ಅತ್ತಿಗೆ ಇಳಿಯುತ್ತಲೂ ಇರಲಿಲ್ಲ, ಗಾಡಿಯ ಮೇಲೆ ಕೂತೇ ಕುಡಿದು ಲೋಟ ಕೊಡುತ್ತಿದ್ದರು.

ಅಣ್ಣನಿಗೆ ಕಾಯಿಲೆಯಾಗಿ ಗಾಡಿ ಕೊಟ್ಟಿಗೆ ಸೇರಿತು. ನೋಡಲು ಹೋದಾಗೆಲ್ಲ ನನಗೆ ಒಂದೇ ಮಾತು: "ಲೇ ಪುಟ್ಟ, ಒಂದ್ಸಲ ಸ್ಟಾರ್ಟ್ ಮಾಡ್ಸ್‌ಬುಡ್ಲಾ. ನಿಮ್ಮತ್ಗೆಯ ಕೂರುಸ್ಕಂಡು ಸಂತೆಮರಳ್ಳಿಗೆ ಓಗ್ಬುಟ್ಟು ಬತ್ತೀನಿ." ನಾನು, "ಆಗಲಿ ಅಣ್ಣ, ರಜೆ ಬರಲಿ" ಎನ್ನುತ್ತಿದ್ದೆ. ಆಗ ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಯಾವ ರಜೆ ಎಂದು ಅವನು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ರಜೆ ಬರಲಿಲ್ಲ. ಅಣ್ಣ ಹೋದ.

ವರ್ಷದ ಕಾರ್ಯ ಮುಗಿದ ಮೇಲೆ ಕೊಟ್ಟಿಗೆಗೆ ಹೋಗಿ ನೋಡಿದರೆ ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಯಿಟ್ಟು ಕೂತಿತ್ತು. ಅತ್ತಿಗೆ ಹೇಳಿದರು: "ತಕ್ಕೊಂಡೋಗು ಪುಟ್ಟಸಾಮಿ. ಓಡಂಗ್ ಮಾಡು. ಒಂದೇ ಒಂದು ಸಲ ಅದ್ರಲ್ಲಿ ಕೂತ್ಕಂಡು ನಮ್ಮಪ್ಪನ ಮನೆಗೆ ಓಗ್ಬೇಕು ಅಂತ ಆಸೆ. ಅವ್ರಿಗೂ ಇತ್ತು." ನಾನು ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡೆ. ಕೋಳಿಯನ್ನು ಗೌರವಪೂರ್ವಕವಾಗಿ ಎಬ್ಬಿಸಿ, ಗಾಡಿಯನ್ನು ಟೆಂಪೋದಲ್ಲಿ ಚಾಮರಾಜನಗರಕ್ಕೆ ತಂದೆ.

ಆಮೇಲಿನ ಎಂಟು ತಿಂಗಳು ನಮ್ಮ ಮನೆಯ ನಡುಮನೆ ನಡುಮನೆಯಾಗಿರಲಿಲ್ಲ. ಟ್ಯಾಂಕು ದಿವಾನದ ಮೇಲೆ ಮಲಗಿತ್ತು. ನೆಂಟರು ನೆಲದ ಮೇಲೆ ಕೂರುತ್ತಿದ್ದರು. ನಟ್ಟುಬೋಲ್ಟುಗಳನ್ನು ಡಬ್ಬಿಗಳಿಗೆ ತುಂಬಿ, ಪ್ರತಿ ಡಬ್ಬಿಗೂ ದುಂಡಕ್ಷರದಲ್ಲಿ ಚೀಟಿ ಅಂಟಿಸಿದೆ. ಜೀರಿಗೆ ಡಬ್ಬಿಗೆ ಕೈ ಹಾಕಿದ ನನ್ನ ಹೆಂಡತಿಗೆ ವಾಷರ್ ಸಿಕ್ಕಿತು. "ರೀ, ಒಗ್ಗರಣೆಗೆ ಇದನ್ನೇ ಹಾಕ್ಲಾ? ಎಷ್ಟು ಹಾಕ್ಲಿ, ಮೇಷ್ಟ್ರೇ ಹೇಳಿ" ಎಂದಳು. ಅವಳು ನನ್ನನ್ನು ಮೇಷ್ಟ್ರೇ ಎಂದರೆ ಮನೆಯಲ್ಲಿ ಯುದ್ಧದ ವಾತಾವರಣವಿದೆ ಎಂದರ್ಥ. ಆದರೆ ಕೆಲಸ ಯಾರಿಗಾಗಿ ಎಂಬುದು ಅವಳಿಗೂ ಗೊತ್ತಿತ್ತು. ಸೀಮೆಎಣ್ಣೆ ಸಿಗದೆ ನಾನು ಒದ್ದಾಡುತ್ತಿದ್ದಾಗ ಎಲ್ಲೋ ಹೋಗಿ ಒಂದು ಬಾಟಲಿ ತಂದುಕೊಟ್ಟವಳು ಅವಳೇ.

ಇಂಜಿನ್ನಿನ ಕೆಲಸಕ್ಕೆ ಸಿದ್ದರಾಜು ಬರುತ್ತಿದ್ದ. ಇವನು ನನ್ನ ವಯಸ್ಸಿನ ಮೆಕ್ಯಾನಿಕ್ಕು. ಈ ಜಾತಿಯ ಗಾಡಿಯ ಸದ್ದು ಕೇಳಿ ಅದರ ಜಾತಕ ಹೇಳಬಲ್ಲವನು. ನಾನು ಅವನನ್ನೊಬ್ಬನನ್ನೇ ನಂಬಿದ್ದರೆ ಸಾಕಿತ್ತು. ಆದರೆ ನಾನು ಮೊಬೈಲಿನಲ್ಲಿ ಹಳೆಯ ಗಾಡಿ ಪ್ರೇಮಿಗಳ ಒಂದು ಗುಂಪಿಗೆ ಸೇರಿಕೊಂಡಿದ್ದೆ. ಅಲ್ಲಿ ಎಲ್ಲರೂ ಪಂಡಿತರು. ಒಂದು ಸ್ಕ್ರೂ ಬೇರೆಯದಾದರೆ ಧರ್ಮಭ್ರಷ್ಟತೆ ಎಂಬಂತೆ ಬರೆಯುತ್ತಿದ್ದರು. ಮೂಲದಲ್ಲಿ ಇದ್ದಂತೆಯೇ ಇರಬೇಕು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ: ಇಂಥ ಮಾತನ್ನು ನಾನು ಜೀವಮಾನವೆಲ್ಲ ತರಗತಿಯಲ್ಲಿ ಹೇಳಿದ್ದೆ. ಈಗ ನನಗೇ ಹೇಳುವವರು ಸಿಕ್ಕಿದ್ದರು. ಅಣ್ಣನ ಗಾಡಿಯ ಫೋಟೋ ಹಾಕಿದೆ. ತಪ್ಪುಗಳ ಮಹಾಪೂರವೇ ಹರಿದುಬಂತು. ಕನ್ನಡಿ ಬೇರೆ, ಬಣ್ಣ ಬೇರೆ, ಹಾರ್ನು ಬೇರೆ. ಇನ್ನು, ಸೀರೆ ಚಕ್ರಕ್ಕೆ ಸಿಗದಂತೆ ಹಿಂದುಗಡೆ ಇರುವ ಜಾಲರಿಯ ಮೇಲೆ, ಅಡ್ಡ ಕೂತ ಹೆಂಗಸರು ಪಾದವಿಡಲು ಒಂದು ತಗಡಿನ ಮೆಟ್ಟು ಇರುತ್ತದಲ್ಲ, ಅದನ್ನು ನೋಡಿ ಒಬ್ಬರು ನಗುವ ಮುಖದ ಗೊಂಬೆಗಳನ್ನೇ ಸಾಲಾಗಿ ಕಳಿಸಿದರು. ಅದು ಇರಬೇಕಾದ ಜಾಗಕ್ಕಿಂತ ನಾಲ್ಕು ಬೆರಳು ಮೇಲಿತ್ತು. ದಪ್ಪ ತಗಡು, ಒರಟು ವೆಲ್ಡಿಂಗು, ಒಂದು ಮೂಲೆ ಸವೆದು ಹೊಳೆಯುತ್ತಿತ್ತು.

ನಾನು ಸ್ಪ್ಯಾನರ್ ಎತ್ತಿಕೊಂಡೆ. ಸಿದ್ದರಾಜು ಬೀಡಿ ಕೈಗೆ ತೆಗೆದುಕೊಂಡು ಹೇಳಿದ: "ಬುಡಿ ಸಾ, ಅದುನ್ಯಾಕ ತಗೀತೀರಿ? ಗಟ್ಟಿಯಾಗದೆ. ಯಾರೋ ನಿಂತ್ಕಂಡು ಅಳತೆ ತಕ್ಕಂಡು ಮಾಡ್ಸವ್ರೆ."

"ತಪ್ಪು ಅಳತೆ ಸಿದ್ದರಾಜು. ಮೂಲದಲ್ಲಿ ಹೀಗಿಲ್ಲ."

"ಮೂಲ್ದಲ್ಲಿ ನೀವೂ ಇಂಗಿರ್ನಿಲ್ಲ ಸಾ, ತಲೆ ತುಂಬ ಕೂದ್ಲಿತ್ತು" ಎಂದು ಬೀಡಿ ಮತ್ತೆ ಬಾಯಿಗಿಟ್ಟುಕೊಂಡ.

ಮೈಸೂರಿಗೆ ಎರಡು ಸಲ ಓಡಾಡಿ, ಮೂಲಪ್ರತಿಗೆ ಒಪ್ಪುವ ಮೆಟ್ಟು ಹುಡುಕಿ ತಂದು ಕೂರಿಸಿದೆ. ಹಳೆಯದನ್ನು ಬೀದಿಯಲ್ಲಿ ಬಂದ, ಹಳೇ ಕಬ್ಬಿಣಕ್ಕೆ ಈರುಳ್ಳಿ ಕೊಡುವವನ ಗಾಡಿಗೆ ಹಾಕಿದೆ. ಆ ಸಂಜೆ ಬಿಸಿಬಿಸಿ ಈರುಳ್ಳಿ ಬೋಂಡ. ನಾನು ಆರು ತಿಂದೆ. ಗುಂಪಿನಲ್ಲಿ ಹೊಸ ಫೋಟೋ ಹಾಕಿದಾಗ ಹೆಬ್ಬೆರಳುಗಳ ಜಾತ್ರೆಯೇ ನೆರೆಯಿತು. ನನ್ನ ನಿವೃತ್ತಿಯ ದಿನ ಕೂಡ ಇಷ್ಟು ಜನ ನನ್ನನ್ನು ಮೆಚ್ಚಿರಲಿಲ್ಲ.

ಗಾಡಿ ಓಡಿತು. ಅತ್ತಿಗೆಗೆ ಫೋನು ಮಾಡಿದೆ. ಸೋಮವಾರ ಬೆಳಿಗ್ಗೆ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದರು. ಅಣ್ಣ ಹೋದ ಮೇಲೆ ಉಡದೆ ಇಟ್ಟಿದ್ದ ಹಸಿರು ಸೀರೆ ಉಟ್ಟಿದ್ದರು. ಗಾಡಿಯ ಮುಂದಿನ ದೀಪಕ್ಕೆ ತಾವೇ ವಿಭೂತಿ ಎಳೆದರು. ಚಕ್ರಕ್ಕೆ ನಿಂಬೆಹಣ್ಣಿಟ್ಟಾಯಿತು. ಟ್ಯಾಂಕಿನ ಮೇಲೆ ಅಂಗೈ ಇಟ್ಟು, "ಚೆನ್ನಾಗ್ ಮಾಡ್ಸಿದ್ದೀಯ ಕಣ. ಮದ್ವೆಲಿ ಇಂಗೇ ಒಳೀತಿತ್ತು" ಎಂದರು. ನಾನು ಅಣ್ಣನ ಹೆಲ್ಮೆಟ್ಟು ಹಾಕಿಕೊಂಡು, ಒಂದೇ ಒದೆತಕ್ಕೆ ಶುರುಮಾಡಿ, ಜೀವನದಲ್ಲಿ ಮೊದಲ ಬಾರಿಗೆ ಗಂಭೀರವಾಗಿ ಬೆನ್ನು ನೆಟ್ಟಗೆ ಮಾಡಿ ಕೂತೆ. ನನ್ನ ಹೆಂಡತಿ ಅತ್ತಿಗೆಯನ್ನು ಹಿಡಿದು ಹತ್ತಿಸಿದಳು. ಗೇರು ಹಾಕಬೇಕು, ಅಷ್ಟರಲ್ಲಿ ಹಿಂದಿನಿಂದ ಅತ್ತಿಗೆಯ ದನಿ.

"ಕಾಲ ಎಲ್ಲಿ ಮಡಗ್ಲಿ ಪುಟ್ಟಸಾಮಿ?"

ತಿರುಗಿ ನೋಡಿದೆ. ಅತ್ತಿಗೆ ಕುಳ್ಳು. ನಲವತ್ತು ವರ್ಷದಿಂದ ನೋಡುತ್ತಿದ್ದೆ, ನಾಲ್ಕು ಬೆರಳಿನಷ್ಟು ಕುಳ್ಳು ಎಂದು ಆಗ ಗೊತ್ತಾಯಿತು. ಎರಡು ಪಾದಗಳೂ ಗಾಳಿಯಲ್ಲಿ ತೂಗುತ್ತಿದ್ದವು. ಅವುಗಳ ಕೆಳಗೆ, ಮೂಲಪ್ರತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನನ್ನ ಮೆಟ್ಟು ಫಳಫಳ ಹೊಳೆಯುತ್ತಿತ್ತು.

"ಸ್ವಲ್ಪ ಕೆಳಕ್ಕೆ ಚಾಚಿ ಅತ್ತಿಗೆ."

ಚಾಚಿದರು. ಸೀಟಿನಿಂದ ಜಾರಿದರು. ನನ್ನ ಹೆಂಡತಿ ಹಿಡಿದುಕೊಂಡಳು. ನಾನು ಇಂಜಿನ್ ಆರಿಸಿದೆ.

"ಇಲ್ಲೊಂದು ತಗಡಿತ್ತಲ್ಲ," ಎಂದರು ಅತ್ತಿಗೆ, ಇನ್ನೂ ಅದನ್ನೇ ಹುಡುಕುವವರ ಹಾಗೆ ಬಗ್ಗಿ ನೋಡುತ್ತ. "ಮದ್ವೆಯಾದ ಹೊಸತ್ರಲ್ಲಿ ಹಿಂಗೇ ಕಾಲ್ ಎಟುಕ್ದೆ ತೆರಕಣಾಂಬಿ ತಾವ ಬಿದ್ಬುಟ್ಟಿದ್ದೆ. ಅವತ್ತೇ ವೆಲ್ಡಿಂಗ್ ಅಂಗ್ಡಿಗೆ ಕರ್ಕಂಡೋದ್ರು. ಅಷ್ಟು ಜನದ ಮುಂದೆ ನನ್ನ ಗಾಡಿ ಮೇಲೆ ಕೂರ್ಸಿ, ತಾವು ನೆಲದ ಮೇಲೆ ಕುಂತು, ನನ್ನ ಪಾದ ಹಿಡ್ಕಂಡು ಜಾಲ್ರಿ ಮೇಲೆ ಸುಣ್ಣದ ಕಡ್ಡಿಲಿ ಗೆರೆ ಎಳುದ್ರು. ನಂಗೆ ನಾಚ್ಕೆ ಅಂದ್ರೆ ನಾಚ್ಕೆ. 'ಬುಡ್ರಿ, ಜನ ನೋಡ್ತಾವ್ರೆ' ಅಂದ್ರೆ, 'ದನದ ಕಾಲೇ ಹಿಡಿತೀನಂತೆ, ನಿಂದು ಹಿಡಿಬಾರ್ದಾ' ಅಂದ್ಬುಟ್ರು."

ನನ್ನ ಹೆಂಡತಿ ನಗಲು ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ಅಂಥ ಸಂದರ್ಭದಲ್ಲಿ ಮನುಷ್ಯನಾದವನು ಸುಮ್ಮನಿರಬೇಕು. ನಾನು ಮೇಷ್ಟ್ರು.

"ಅದು ಒರಿಜಿನಲ್ ಅಲ್ಲ ಅತ್ತಿಗೆ" ಎಂದೆ.

ಅತ್ತಿಗೆ ಸಿಟ್ಟಾಗಲಿಲ್ಲ. "ಅಲ್ಲ ಬುಡು," ಎಂದರು. "ನಾನೂ ಒರಿಜಿನಲ್ ಅಲ್ಲ ಕಣ. ಗಾಡಿ ತಕ್ಕಂಡು ನಾಕು ವರ್ಷಕ್ಕೆ ನನ್ನ ತಂದ್ರು."

ಆ ತಗಡು ಎಲ್ಲಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಈರುಳ್ಳಿಯ ವಿಷಯ ಹೇಳಬೇಕಾಗುತ್ತಿತ್ತು. ಕೇಳದಿದ್ದುದರಿಂದ ನಾನೇ ಹೇಳಿದೆ. ಇವತ್ತೇ ಹೊಸದು ಮಾಡಿಸುತ್ತೇನೆ, ಸಿದ್ದರಾಜುವಿನ ಪರಿಚಯದ ವೆಲ್ಡಿಂಗಿನವನಿದ್ದಾನೆ, ಅರ್ಧ ಗಂಟೆಯ ಕೆಲಸ, ಅಳತೆಯೊಂದನ್ನು ತೆಗೆದುಕೊಂಡರೆ, ಎಂದೆಲ್ಲ ಬಡಬಡಿಸಿದೆ. ಅಳತೆ ಎನ್ನುವಾಗ ಅತ್ತಿಗೆ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಂಡರು.

"ಬ್ಯಾಡ ಬುಡು. ನನ್ನ ತಮ್ಮನ ಮನೇಲಿ ಅಡ್ಗೆ ಮಾಡ್ಕಂಡು ಕಾಯ್ತಾವ್ರೆ. ಆಧಾರ್ ಕಾರ್ಡ್ ತಂದಿವ್ನಿ, ನಾ ಬಸ್ಸಲ್ಲೇ ಓಯ್ತೀನಿ. ನೀ ಗಾಡಿ ತಕ್ಕಂಡು ಬಾ."

ಹೀಗೆ ಅತ್ತಿಗೆಯ ಪ್ರಯಾಣ ಸರ್ಕಾರಿ ಬಸ್ಸಿನಲ್ಲೂ, ಅವರನ್ನು ಕೂರಿಸಬೇಕಾಗಿದ್ದ ಗಾಡಿಯ ಪ್ರಯಾಣ ಆ ಬಸ್ಸಿನ ಹಿಂದೆಯೂ ನಡೆಯಿತು. ಅವರು ಹಿಂದಿನ ಕಿಟಕಿಯ ಬಳಿ ಕೂತಿದ್ದರು. ಬಸ್ಸು ಹೋದರೆ ನಾನು ಹೋದೆ, ನಿಂತರೆ ನಿಂತೆ. ಕಂಡಕ್ಟರು ಎರಡು ಸಲ ಬಾಗಿಲಿನಿಂದ ಬಗ್ಗಿ, ಮುಂದೆ ಹೋಗು ಎಂದು ಕೈ ಬೀಸಿದ; ಹೋಗಲಿಲ್ಲ. ಎಡಕ್ಕೆ ಅರಿಶಿನದ ಹೊಲ, ಬಲಕ್ಕೆ ಬಾಳೆ, ನಡುವೆ ಎರಡು ಗಾಡಿಗಳ ಹೊಗೆಯನ್ನೂ ಒಬ್ಬನೇ ಕುಡಿಯುತ್ತ ನಾನು. ಇಂಜಿನ್ ಮಾತ್ರ ಒಂದು ಸಲವೂ ಕೆಮ್ಮಲಿಲ್ಲ. ಹಿಂದಿನ ಸೀಟು ಖಾಲಿಯಿದ್ದುದರಿಂದ ಅದು ಹಗುರವಾಗಿ ಓಡುತ್ತಿತ್ತು. ಅಷ್ಟು ಹಗುರವಾಗಿ ಓಡಿದ್ದು ನನಗೆ ಹಿಡಿಸಲಿಲ್ಲ.

ಸಂತೆಮರಹಳ್ಳಿಯಲ್ಲಿ ಬಸ್ಸಿನಿಂದ ಇಳಿದು ಅತ್ತಿಗೆ ನೇರವಾಗಿ ನನ್ನ ಹತ್ತಿರ ಬಂದರು. ಮುಖದಲ್ಲಿ ನಾನು ಎಷ್ಟೋ ದಿನದಿಂದ ಕಾಣದ ಬೆಳಕಿತ್ತು.

"ಕಿಟ್ಕಿಲಿ ನೋಡ್ಕಂಡೇ ಬಂದೆ ಕಣ. ಅದೇ ಸದ್ದು, ಅದೇ ಹೆಲ್ಮೆಟ್ಟು, ಅದೇ ಭುಜ. ನಿಮ್ಮಣ್ಣನೇ ಬತ್ತಾವ್ರೆ ಅನ್ನಂಗಿತ್ತು."

ಎಂಟು ತಿಂಗಳ ದುಡಿಮೆಗೆ ಇನ್ನೇನು ಬೇಕು? ಹಿರಿಯರು ಇಂಥ ಮಾತು ಹೇಳಿದಾಗ ತಲೆ ಮುಚ್ಚಿಕೊಂಡು ನಿಲ್ಲುವುದು ಮರ್ಯಾದೆಯಲ್ಲ ಎಂದು ಹೆಲ್ಮೆಟ್ಟು ತೆಗೆದೆ.

ಅತ್ತಿಗೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಹೂಂ, ನಡಿ" ಎಂದು ತಮ್ಮನ ಮನೆಯ ಬೀದಿಗೆ ತಿರುಗಿಕೊಂಡರು.

ನಾನು ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡು, ಗಾಡಿಯನ್ನು ತಳ್ಳಿಕೊಂಡು ಅವರ ಹಿಂದೆ ಹೊರಟೆ. ಅಂಗಡಿಯ ಮುಂದೆ ಕೂತಿದ್ದವನೊಬ್ಬ, "ಏನ್ ಸಾ, ತಳ್ಳದುಕ್ಕೂ ಹೆಲ್ಮೆಟ್ಟಾ?" ಎಂದು ಕೇಳಿದ. ಪೊಲೀಸರ ಭಯ ಎಂದೆ.